ಬೇರಿನಮ್ಮ ಕೈ ತೋರಿಸಿದ ಜಾಗ

ಮೊನ್ನೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಕಾಲಿಟ್ಟೆ, ಮಾಗಳಿ ಬೇರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಯಾರೋ ಬೇರಿನ ಚೀಲ ಹಿಡಿದು ಆಗತಾನೆ ಮೇಲೆ ಹೋಗಿರಬೇಕು. ನನ್ನ ಜೊತೆ ಹತ್ತಿದ ಐದನೇ ಮಹಡಿಯ ಹುಡುಗಿ ಮೂಗು ಮುಚ್ಚಿಕೊಂಡು, "ಆಂಟಿ, ಲಿಫ್ಟಲ್ಲಿ ತಿಗಣೆ ಆಗಿದ್ಯಾ? ಅಸೋಸಿಯೇಷನ್ ಗ್ರೂಪಲ್ಲಿ ಹಾಕ್ಬೇಕು" ಎಂದಳು. ತಿಗಣೆಯಲ್ಲ ಕಣಮ್ಮ, ಉಪ್ಪಿನಕಾಯಿ ಎಂದೆ. ಅವಳು ನನ್ನನ್ನು ಒಂಥರಾ ನೋಡಿ ಮೊಬೈಲಿನೊಳಗೆ ಮುಖ ಹುದುಗಿಸಿದಳು. ಇನ್ನೇನು ಮಾಡಿಯಾಳು, ಪಾಪ. ಮಾಗಳಿ ಬೇರಿಗೆ ತಿಗಣೆ ಹೊಸಕಿದ ವಾಸನೆ ಇದೆ ಎನ್ನುವುದು ಸುಳ್ಳಲ್ಲ. ಅದನ್ನೇ ಹೆರೆದು, ಚೂರು ಮಾಡಿ, ಹುಳಿ ಮಜ್ಜಿಗೆಗೆ ಸಾಸಿವೆ ಖಾರ ಬೆರೆಸಿ ಜಾಡಿಯಲ್ಲಿ ಇಟ್ಟು, ಮೊಸರನ್ನಕ್ಕೆ ನಂಚಿಕೊಂಡು ಬೆಳೆದವರಿಗೆ ಮಾತ್ರ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನನಗೆ ಮೊನ್ನೆ ನೀರೂರಿದ್ದು ಕಣ್ಣಲ್ಲಿ.

ಮನೆಗೆ ಬಂದು ಕಾಫಿ ಬೆರೆಸಿಕೊಂಡು ಕೂತೆ. ಕಾಫಿ ಆರಿ ಹೋಯಿತು. ಬೇರಿನಮ್ಮನನ್ನು ನೆನೆಯಬಾರದು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ…

ನಾವು ಜಯನಗರದಲ್ಲಿ ಬಾಡಿಗೆಗೆ ಇದ್ದಾಗಿನಿಂದ ಆಕೆ ಬರುತ್ತಿದ್ದಳು. ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಸರಿಯಾಗಿ, ತಲೆಯ ಮೇಲೆ ಗೋಣಿಚೀಲ, ಸೊಂಟದಲ್ಲಿ ಒಂದು ಗಂಟು ಸೀಗೆಕಾಯಿ. ಬನ್ನೇರುಘಟ್ಟದಿಂದ ಆಚೆ, ಕಾಡಿನ ಅಂಚಿಗೆ ಇರುಳಿಗರ ಒಂದು ಸಣ್ಣ ಹಟ್ಟಿ ಇದೆ, ಅಲ್ಲಿಯವಳು. ಕಾಡಿನೊಳಗೆ ಬೇರು ಅಗೆದು, ಬಸ್ಸು ಹಿಡಿದು ಫೋರ್ತ್ ಬ್ಲಾಕಿಗೆ ಬಂದು, ಅಲ್ಲಿಂದ ಮನೆಮನೆ ತಿರುಗುತ್ತಿದ್ದಳು. ಅಮ್ಮ ಒಂದೊಂದೇ ಬೇರನ್ನು ಉಗುರಿನಿಂದ ಚಿವುಟಿ, ಇದು ನಾರು, ಇದು ಮುದಿ, ಇದು ಹೋದ ವರ್ಷದ್ದು ಎಂದು ಗೊಣಗುವಳು. ಬೇರಿನಮ್ಮ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, "ನೀವು ಆರ್ಸ್ಕಳಿ ಅವ್ವಾ, ನಂಗೇನು, ಸಾಯಂಕಾಲದ ಬಸ್ಸು" ಎನ್ನುವಳು. ಅಮ್ಮ ಆಕೆಗೆಂದೇ ಬೇರೆ ಒಂದು ದೊಡ್ಡ ಹಿತ್ತಾಳೆ ಲೋಟ ಇಟ್ಟಿದ್ದಳು. ಯಾಕೆ ಬೇರೆ ಎಂದು ಬಿಡಿಸಿ ಹೇಳಬೇಕಿಲ್ಲ, ನಮ್ಮಂಥ ಮನೆಗಳ ಬುದ್ಧಿ. ಅಮ್ಮ ಹೋದ ಮೇಲೆ ನಾನು ಒಂದು ಸಲ ನಮ್ಮ ಸ್ಟೀಲ್ ಲೋಟದಲ್ಲೇ ಕಾಫಿ ಕೊಟ್ಟು, ಭಾರಿ ಸುಧಾರಕಿಯ ಹಾಗೆ ನಿಂತಿದ್ದೆ. ಆಕೆ ಲೋಟದೊಳಗೆ ಇಣುಕಿ ನೋಡಿ, "ಆ ಇತ್ತಾಳೆ ಲೋಟ ಎಲ್ಲಿ ಅಕ್ಕಾ? ಅದ್ರಾಗೆ ಜಾಸ್ತಿ ಇಡೀತಿತ್ತು" ಎಂದಳು. ನನ್ನ ಸುಧಾರಣೆ ಅಲ್ಲಿಗೆ ಮುಗಿಯಿತು.

ಹೆಸರು ಏನೆಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅಮ್ಮ ಒಂದು ಸಲ ಕೇಳಿದ್ದಕ್ಕೆ, "ಬೇರು ಅಂತ ಕೂಗಿ, ಬತ್ತೀನಿ" ಎಂದಿದ್ದಳು. ಹಾಗೆ ಬೇರಿನಮ್ಮ ಆದಳು.

ನನ್ನದೂ ಒಂದಿಷ್ಟು ಹೇಳಬೇಕು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರೆಲ್ಲ ಈಗ ಹೋಗಿಯಾಯಿತು, ಹಾಗಾಗಿ ಉತ್ತರವೂ ಬೇಕಿಲ್ಲ. ಸರ್ವೆ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಕೆರೆ, ಬಾವಿ, ಗುಂಡುತೋಪು, ಬಂಡೆ, ಬೀಳು, ಎಲ್ಲಕ್ಕೂ ಒಂದೊಂದು ಗುರುತು. ನನಗೆ ಕೆಲಸ ಕಲಿಸಿದ ಹಿರಿಯರು ಒಂದು ಮಾತು ಹೇಳುತ್ತಿದ್ದರು. ನಕ್ಷೆಯಲ್ಲಿ ಬಿಳಿ ಜಾಗ ಬಿಡಬೇಡ, ನೀನು ಬಿಟ್ಟರೆ ಇನ್ಯಾರೋ ತುಂಬುತ್ತಾರೆ. ಸ್ಕೇಲಿನಿಂದ ಬೆರಳ ಮೇಲೆ ತಟ್ಟಿ ಹೇಳಿದ್ದು, ಅದಕ್ಕೇ ಮರೆಯಲಿಲ್ಲ. ನಿವೃತ್ತಿಯಾದ ಮೇಲೆ, ಅಮ್ಮನೂ ಹೋದ ಮೇಲೆ, ಜೆ.ಪಿ. ನಗರದ ಈ ಮೂರನೇ ಮಹಡಿಯ ಫ್ಲ್ಯಾಟಿಗೆ ಬಂದೆ. ಬೇರಿನಮ್ಮ ವಿಳಾಸ ಹುಡುಕಿಕೊಂಡು ಇಲ್ಲಿಗೂ ಬಂದಳು. ವಾಚ್‌ಮನ್ ಬಿಡಲಿಲ್ಲವೆಂದು ನಾನು ಬಾಲ್ಕನಿಯಿಂದಲೇ ಕೂಗಾಡಿದೆ, ಇಡೀ ಅಪಾರ್ಟ್‌ಮೆಂಟಿಗೆ ನನ್ನ ಬಾಯಿ ಎಂಥದು ಎಂದು ತಿಳಿದದ್ದು ಅವತ್ತೇ. ಆಕೆಗೆ ಲಿಫ್ಟ್ ಕಂಡರೆ ಆಗದು. ಮೆಟ್ಟಿಲು ಹತ್ತಿ ಬಂದು, ಹಾಲಿನ ಮಧ್ಯೆ ಕೂತು, ಬೇರು ಹರಡಿಕೊಂಡು, ಒಂದು ಗಂಟೆ, ಕೆಲವೊಮ್ಮೆ ಎರಡು ಗಂಟೆ ಇರುತ್ತಿದ್ದಳು. ನಿಜ ಹೇಳಬೇಕೆಂದರೆ ವರ್ಷದಲ್ಲಿ ನನ್ನ ಮನೆಯ ನೆಲದ ಮೇಲೆ ಅಷ್ಟು ಹೊತ್ತು ಕೂರುತ್ತಿದ್ದ ಮನುಷ್ಯಜೀವ ಅದೊಂದೇ. ಒಬ್ಬಳಿಗೆ ಅಷ್ಟೊಂದು ಉಪ್ಪಿನಕಾಯಿ ಯಾಕೆ, ಆದರೂ ಎಲ್ಲ ಕೊಳ್ಳುತ್ತಿದ್ದೆ.

ಆಕೆಗೂ ಒಬ್ಬಳೇ ಮಗಳಿದ್ದಳಂತೆ. ಹತ್ತೋ ಹನ್ನೊಂದೋ ವಯಸ್ಸಿಗೆ ಜ್ವರ ಬಂದು ಹೋಗಿಬಿಟ್ಟಳು. ಗಂಡ ಆಮೇಲೆ ಬೇರೆ ಹಟ್ಟಿಗೆ ಹೊರಟುಹೋದ. ಪ್ರತಿ ವರ್ಷ ಬೇರು ಆರಿಸುತ್ತ ಆರಿಸುತ್ತ ಒಂದು ಮಾತು ತಪ್ಪದೆ ಬರುತ್ತಿತ್ತು. "ನಂಗೇನೂ ಬ್ಯಾಡಕ್ಕಾ. ಸತ್ ಮ್ಯಾಕೆ ನಮ್ಮೋರ ತಾವು ಮಗೀನ ಪಕ್ಕದಾಗೆ ಒರಗುಸ್ಬುಟ್ರೆ ಸಾಕು. ಒಂದೇ ಅದೆ ಅಲ್ಲಿ, ಅದುಕ್ಕೆ ಕತ್ಲು ಅಂದ್ರೆ ಬಯ." ಸತ್ತು ಮೂವತ್ತು ವರ್ಷವಾದ ಮಗುವಿಗೆ ಈಗಲೂ ಕತ್ತಲೆಂದರೆ ಭಯ. ನಾನು ಎದ್ದು ಇನ್ನೊಂದು ಲೋಟ ಕಾಫಿ ತರುತ್ತಿದ್ದೆ.

ಒಂದು ಚಳಿಗಾಲ ಆಕೆ ಬೇರಿನ ಜೊತೆ ಒಂದು ಸುದ್ದಿಯನ್ನೂ ತಂದಳು. ಸರ್ಕಾರ ಅವರ ಹಟ್ಟಿಯೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತದಂತೆ, ಕಾಡನ್ನು ಇಬ್ಬರೂ ಸೇರಿ ಕಾಯುವ ಒಪ್ಪಂದ. ಹಟ್ಟಿಯವರು ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ನೋಡಿಕೊಳ್ಳಬೇಕು, ಹಸಿ ಮರ ಕಡಿಯಬಾರದು, ಬೇರು ಅಗೆದ ಗುಡ್ಡವನ್ನು ಮೂರು ವರ್ಷ ಮುಟ್ಟಬಾರದು. ಅದಕ್ಕೆ ಬದಲಾಗಿ ಅವರು ಬೇರು ಅಗೆಯುವ ಜಾಗ, ಜೇನು ಬಂಡೆ, ನೀರು, ದೇವರು, ಸ್ಮಶಾನ, ಇವಕ್ಕೆಲ್ಲ ಹೋಗಿಬರುವ ದಾರಿಯನ್ನು ಯಾರೂ ಎಂದೂ ತಡೆಯುವಂತಿಲ್ಲ. "ಮೂರು ವರ್ಸ ಮುಟ್ಬ್ಯಾಡಿ ಅಂತ ನಮ್ಮಜ್ಜಿ ಏಳಿದ್ದು. ಅದ್ನೇ ಈಗ ಸರ್ಕಾರ ಬರ್ಕಂಡೈತೆ" ಎಂದು ಬೇರಿನಮ್ಮ ನಕ್ಕಳು. ಆದರೆ ದಾರಿಯ ಮಾತು ಬಂದಾಗ ನಗಲಿಲ್ಲ. ಅದಕ್ಕೂ ಹಿಂದೆ ಹಟ್ಟಿಯವರು ಎಷ್ಟೋ ಸಲ ಅರಣ್ಯ ಇಲಾಖೆಯ ಗೇಟಿನ ಬಳಿ ತಡೆಸಿಕೊಂಡಿದ್ದರು. ಹೆಣ ಹೊತ್ತು ಹೋಗುವಾಗ ತಡೆದರೆ ಏನು ಮಾಡುವುದು ಎಂಬುದೇ ಆಕೆಯ ಚಿಂತೆ.

ಒಪ್ಪಂದಕ್ಕೆ ಒಂದು ನಕ್ಷೆ ಬೇಕಿತ್ತು, ಹಟ್ಟಿಯವರೇ ಮಾಡಿಕೊಡಬೇಕಿತ್ತು. ನಕ್ಷೆಯಲ್ಲಿ ಗುರುತಾಗಿ ಅನುಬಂಧದಲ್ಲಿ ಹೆಸರು ಬಂದ ಜಾಗಕ್ಕೆ ಮಾತ್ರ ದಾರಿ. "ನೀವು ಗೆರೆ ಎಳೆಯೋರಲ್ವಾ ಅಕ್ಕಾ, ಬನ್ನಿ" ಎಂದಳು. ನನಗಾದ ಸಂತೋಷ ಹೇಳಲಾರೆ. ನಿವೃತ್ತಿಯಾದ ಮೇಲೆ ಒಬ್ಬರಾದರೂ ನನ್ನ ಕೈಕೆಲಸ ಬೇಕು ಎಂದಿರಲಿಲ್ಲ. ಪೆನ್ನು, ಬೋರ್ಡು, ದಿಕ್ಸೂಚಿ ಎಲ್ಲ ಅಟ್ಟದಿಂದ ಇಳಿಸಿದೆ.

ಮೂರು ಭಾನುವಾರ ಹೋದೆ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಹುಳಿಮಾವು ದಾಟುವಷ್ಟರಲ್ಲೇ ಅರ್ಧ ಜೀವ, ಆಮೇಲೆ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಇಲಾಖೆಯ ಗಾರ್ಡು ಒಬ್ಬ ಜೊತೆಗೆ. ನನ್ನ ಮನೆಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದ ಹೆಂಗಸು ಕಾಡಿನೊಳಗೆ ನನಗೆ ಸಿಗುತ್ತಲೇ ಇರಲಿಲ್ಲ, ಮುಂದೆ ಎಲ್ಲೋ ಇರುವಳು. ಕೈ ಚಾಚಿ ಚಾಚಿ ತೋರಿಸುವಳು. ಅಗೋ ಜೇನು ಬಂಡೆ. ಅಗೋ ಮಾಗಳಿ ಗುಡ್ಡ. ಇಗೋ ಬೇಸಿಗೇಲೂ ಬತ್ತದ ನೀರು. ಒಂದು ಕಡೆ ಬೇರು ಅಗೆದೂ ತೋರಿಸಿದಳು. ತಾಯಿಬೇರಿನ ಒಂದು ಗೇಣು ಬಿಟ್ಟು ಕತ್ತರಿಸಿ, ಮಣ್ಣು ಮುಚ್ಚಿ, ಅಂಗೈಯಿಂದ ಎರಡು ಸಲ ತಟ್ಟಿದಳು.

ಎರಡನೇ ಭಾನುವಾರ ಒಂದು ಇಳಿಜಾರಿಗೆ ಬಂದೆವು. ಮರ ಹೆಚ್ಚಿಲ್ಲ, ಕುರುಚಲು, ನಡುನಡುವೆ ಮಂಡಿಯುದ್ದದ ಕಲ್ಲುಗಳು. ಅಲ್ಲಿಯವರೆಗೆ ಬಾಯಿ ಮುಚ್ಚದ ಬೇರಿನಮ್ಮ ಸುಮ್ಮನಾದಳು. ಸೆರಗನ್ನು ಆ ಕಡೆಯ ಕೆನ್ನೆಗೆ ಎಳೆದುಕೊಂಡು, ಇಳಿಜಾರಿಗೆ ಬೆನ್ನು ಕೊಟ್ಟು, ಅಡ್ಡಡ್ಡವಾಗಿ ಹೆಜ್ಜೆ ಇಟ್ಟು ದಾಟಿದಳು. "ಅಲ್ಲೇನಿದೆ?" ಎಂದೆ. ಮತ್ತೆ ಕೇಳಿದೆ. "ಬನ್ನಿ ಅಕ್ಕಾ, ಒತ್ತಾಯ್ತದೆ" ಎಂದಳು. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು. ಬೋರ್ಡಿನ ಮೇಲೆ ಆ ಇಳಿಜಾರು ಬೆಳ್ಳಗೆ ಉಳಿದಿತ್ತು. ಬಿಳಿ ಬಿಡಬಾರದು ಎಂದು ಬೆರಳಿಗೆ ಅಭ್ಯಾಸ. ಕಲ್ಲಿನ ಗುರುತು ಹಾಕಿ 'ಕಲ್ಲು ಬೀಳು' ಎಂದು ಬರೆದೆ. ಚೆಂದವಾಗಿಯೇ ಬರೆದೆ.

ಮೂರನೇ ಭಾನುವಾರ ಹೊಂಗೆ ಮರದ ಕೆಳಗೆ ಹಟ್ಟಿಯವರೆಲ್ಲ ಸೇರಿದರು. ನಾನು ನಕ್ಷೆ ಹರಡಿ ಒಂದೊಂದೇ ಜಾಗ ಓದಿದೆ, ಅವರು ಹೌದು ಹೌದು ಎಂದರು. ಸ್ಮಶಾನ ಎಂಬ ಕಾಲಂ ಬಂತು. "ಇದೆಯಾ?" ಎಂದೆ. ಹಟ್ಟಿಯ ಯಜಮಾನರು, ತೆಳ್ಳಗಿನ ಮುದುಕರು, "ಐತೆ" ಎಂದರು.

"ಎಲ್ಲಿ?"

ಒಬ್ಬರೂ ಮಾತಾಡಲಿಲ್ಲ. ಒಂದು ಮಗು ಅತ್ತಿತು, ಅದರ ಬಾಯಿಗೆ ಕೈ ಇಟ್ಟರು. ಬೇರಿನಮ್ಮ ನನ್ನನ್ನೇ ನೋಡುತ್ತಿದ್ದಳು. ನಾನು ಗಡಿಯಾರ ನೋಡಿದೆ. ಐದೂವರೆಯ ಬಸ್ಸು ಹೋದರೆ ಇನ್ನೊಂದು ಬರುವುದು ದೇವರಿಗೇ ಗೊತ್ತು.

"ಬೇಗ ಹೇಳ್ರಪ್ಪಾ, ನಂಗೆ ಬಸ್ಸಿದೆ" ಎಂದೆ.

ಯಜಮಾನರು ಗಂಟಲು ಸರಿಮಾಡಿಕೊಂಡು, "ರಸ್ತೆ ಪಕ್ಕ ಪಂಚಾಯ್ತಿಯೋರು ಕೊಟ್ಟಿರೋ ತುಂಡು ಐತೆ" ಎಂದರು.

"ಅದೇನಾ?"

"ಅದೂ ಐತೆ."

ಅದೂ ಎಂದದ್ದನ್ನು ನನ್ನ ಕಿವಿ ಕೇಳಿತು, ತಲೆ ಕೇಳಲಿಲ್ಲ. ಬರೆದುಕೊಂಡು ಎದ್ದೆ. ಮೌನ ಬಂಗಾರ ಎಂದು ಗಾದೆ ಮಾಡಿದವರು ಸರ್ಕಾರಿ ಕಾಗದ ಕಂಡವರಲ್ಲ. ಕಾಗದದಲ್ಲಿ ಮೌನಕ್ಕೆ ಕಾಲಂ ಇಲ್ಲ. ಅವರಾದರೋ ನನಗೆ ಗೊತ್ತಿದೆ ಎಂದೇ ನಂಬಿದ್ದರು. ಬೇರಿನಮ್ಮ ಬೆನ್ನು ತಿರುಗಿಸಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆನಲ್ಲ. ಸತ್ತವರ ಜಾಗವನ್ನು ಬಾಯಲ್ಲಿ ಹೇಳುವುದಿಲ್ಲ, ಬೆರಳಲ್ಲಿ ತೋರಿಸುವುದಿಲ್ಲ. ಬೇರೆ ಹಟ್ಟಿಗಳಲ್ಲಿ ಹೀಗಿಲ್ಲವಂತೆ, ಇದು ಅವರ ಒಂದು ಹಟ್ಟಿಯ ಕಟ್ಟು. ಬೆನ್ನು ಕೊಟ್ಟು ನಡೆದರೆ ಅಲ್ಲಿಗೆ ಹೇಳಿ ಮುಗಿಸಿದ ಹಾಗೆ. ಇಷ್ಟು ಸುಲಭದ ಮಾತು ನನಗೆ ಅರ್ಥವಾಗಲಿಲ್ಲ, ಮೂವತ್ತೆರಡು ವರ್ಷ ಭೂಮಿ ಓದುವ ಕೆಲಸ ಮಾಡಿದವಳಿಗೆ!

ಒಪ್ಪಂದ ಆಯಿತು. ಹೆಬ್ಬೆಟ್ಟು, ಸಹಿ, ಮೈಸೂರುಪಾಕು, ಫೋಟೋ. ಆ ವರ್ಷ ನಾನು ಒಂಥರಾ ಬೀಗಿಕೊಂಡೇ ಇದ್ದೆ.

ಆಷಾಢದಲ್ಲಿ ಒಂದು ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆಗೆದರೆ ಬೇರಿನಮ್ಮ. ತಲೆಯ ಮೇಲೆ ಚೀಲವಿಲ್ಲ, ಕೈಯಲ್ಲಿ ಏನೂ ಇಲ್ಲ. ಬೇರಿನ ಕಾಲವೂ ಅಲ್ಲ. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತಳು.

"ಸುಣ್ಣದ ಗೆರೆ ಆಕವ್ರೆ ಅಕ್ಕಾ."

"ಎಲ್ಲಿ?"

ಮತ್ತೆ ಅದೇ ಮೌನ. ಆದರೆ ಈ ಸಲ ಆಕೆ ನನ್ನ ಹೊಸ್ತಿಲಲ್ಲಿ, ಜೆ.ಪಿ. ನಗರದ ಸಿಮೆಂಟಿನ ಪ್ಯಾಸೇಜಿನಲ್ಲಿ, ಸೆರಗನ್ನು ಕೆನ್ನೆಗೆ ಎಳೆದುಕೊಂಡು ನನಗೆ ಬೆನ್ನು ಮಾಡಿದಳು. ಆಗ ನನ್ನ ತಲೆಗೆ ಹೊಕ್ಕಿತು.

ಆನೆ ದಾಟದಂತೆ ಕಂದಕ ತೋಡುವವರಿದ್ದರು. ಒಪ್ಪಂದದಲ್ಲೇ ಇತ್ತು, ಹಟ್ಟಿಯವರಿಗೆ ಬೇಕಾದ ಜಾಗ ಬಿಟ್ಟು, ಕಲ್ಲು ಬೀಳು ಇದ್ದಲ್ಲಿ ತೋಡಬಹುದು. ಇಲಾಖೆಯವರು ಮಾತಿಗೆ ತಪ್ಪಲಿಲ್ಲ. ನನ್ನ ನಕ್ಷೆ ನೋಡಿಕೊಂಡು, ನಾನು ಕಲ್ಲು ಬೀಳು ಎಂದು ಬರೆದ ಕಡೆಯೇ ಗೆರೆ ಎಳೆದಿದ್ದರು.

"ನೀವು ಅದ್ನ ಏನಂತ ಬರ್ದ್ರಿ?" ಎಂದು ಕೇಳಿದಳು.

"ಕಲ್ಲು ಅಂತ ಬರ್ದೆ… ಬರೀ ಕಲ್ಲು ಅಂತ."

"ಕಲ್ಲೇ ಕಣಕ್ಕಾ" ಎಂದಳು. "ಇಟ್ಟೋರು ನಾವು."

ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೆಯ ದಿನವೇ ಇಲಾಖೆಯ ಕಚೇರಿಗೆ ಓಡಿದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವನು, ನನ್ನ ಅಳುಮುಖ ನೋಡಿ ತಾನೇ ಕುರ್ಚಿ ಎಳೆದುಕೊಟ್ಟ. "ತಿದ್ದಬಹುದು ಮೇಡಂ, ಇನ್ನೂ ತೋಡಿಲ್ಲ. ಅನುಬಂಧಕ್ಕೆ ಸೇರಿಸೋಣ. ಆದರೆ ಮಹಜರು ಆಗ್ಬೇಕು. ಹಟ್ಟಿಯವರಲ್ಲಿ ಯಾರಾದ್ರೂ ಒಬ್ರು ಸ್ಥಳದಲ್ಲಿ ನಿಂತು ಕೈ ತೋರಿಸ್ಬೇಕು, ಫೋಟೋ ತೆಗೀತೀವಿ. ಅಷ್ಟೇ" ಎಂದ. ಆ ಫೋಟೋ ನನಗೇನು ಹೊಸದೇ? ಸರ್ಕಾರದ ಯಾವ ಮಹಜರು ನೋಡಿ, ಒಬ್ಬ ಬಡಪಾಯಿ ಬಾವಿಯನ್ನೋ ಬದುವನ್ನೋ ಬೆರಳಿನಿಂದ ತೋರಿಸುತ್ತ ನಿಂತಿರುತ್ತಾನೆ. "ನಾನೇ ತೋರಿಸ್ತೀನಿ" ಎಂದೆ. "ನೀವು ಜೆ.ಪಿ. ನಗರದೋರು ಮೇಡಂ, ನಿಮ್ಮ ಕೈ ನಡೆಯಲ್ಲ" ಎಂದು ನಕ್ಕ. ಅಷ್ಟೇ ತಾನೆ, ಮಾಡಿಸೋಣ ಎಂದು ನಾನೂ ನಿರಾಳವಾಗಿ ಎದ್ದು ಬಂದೆ.

ಮಹಜರಿನ ದಿನ ಮೋಡ ಕವಿದಿತ್ತು. ಇಳಿಜಾರಿನ ಕೆಳಗೆ ನಾವೆಲ್ಲ ನಿಂತಿದ್ದೆವು. ಸುಣ್ಣದ ಗೆರೆ ಕಲ್ಲುಗಳ ನಡುವೆ ನೆಟ್ಟಗೆ ಹೋಗಿತ್ತು. ಹಟ್ಟಿಯವರು ಅದಕ್ಕೆ ಬೆನ್ನು ಹಾಕಿ ನಿಂತಿದ್ದರು, ಒಬ್ಬರೂ ಬಿಡದೆ. ಅಧಿಕಾರಿ ಯಜಮಾನರನ್ನು ಕರೆದ. ಅವರು ಕೈ ಮುಗಿದು ಹಿಂದೆ ಸರಿದರು. ಇನ್ನೊಬ್ಬರನ್ನು ಕರೆದ, ಅವರೂ ಹಿಂದಕ್ಕೆ. ಹೊತ್ತು ಏರುತ್ತಿತ್ತು. ನನಗೆ ಸಿಟ್ಟು ಬಂತು. ಇವರಿಗಾಗಿ ಓಡಾಡಿ ಚಪ್ಪಲಿ ಸವೆಸಿದವಳು ನಾನು, ಇವರು ನೋಡಿದರೆ ಹೀಗೆ, ಎಂದೇ ಅನ್ನಿಸಿತು. ಬೇರಿನಮ್ಮನ ತೋಳು ಹಿಡಿದು, "ಒಂದೇ ಒಂದು ಸಲ ಕೈ ಎತ್ರೀ. ಫೋಟೋ ತೆಗೆದ್ರೆ ಮುಗೀತು. ಇಷ್ಟಕ್ಕೆಲ್ಲ ಏನು?" ಎಂದೆ.

ಆಕೆ ನನ್ನ ಮುಖ ನೋಡಿದಳು. "ತೋರ್ಸಿದ್ರೆ ಎಲ್ಲರ್ಗೂ ದಾರಿ ಬುಡ್ತಾರಾ?"

"ಬಿಡ್ತಾರೆ."

"ಯಾವತ್ಗೂ?"

"ಕಾಗದದಲ್ಲಿ ಬಂದ್ಮೇಲೆ ಯಾವತ್ತಿಗೂ."

ಆಕೆ ಯಜಮಾನರ ಕಡೆ ತಿರುಗಿದಳು. ಅವರು ಬೇಡ ಎನ್ನುವಂತೆ ತಲೆ ಆಡಿಸಿದರು. "ಬರ್ಯೋರ್ನ ಕರ್ಕಂಡ್ ಬಂದೋಳು ನಾನು" ಎಂದಳು ಅವರಿಗೆ. ಆಮೇಲೆ ಸೆರಗನ್ನು ಕೆನ್ನೆಯಿಂದ ತೆಗೆದು, ಇಳಿಜಾರಿಗೆ ಮುಖ ಮಾಡಿ, ಬಲಗೈ ಎತ್ತಿ ತೋರಿಸಿದಳು. ಮೇಲುಗಡೆ ಒಂದು ಚಿಕ್ಕ ಕಲ್ಲಿತ್ತು. ಆಕೆಯ ಬೆರಳು ನೇರ ಅಲ್ಲಿಗೇ ಹೋಯಿತು. ಅಧಿಕಾರಿ ಎರಡು ಫೋಟೋ ತೆಗೆದ. ಹಿಂದೆ ಯಾರೋ ಹೆಂಗಸು ನೆಲಕ್ಕೆ ಕೂತು ಬಿಕ್ಕುವುದು ಕೇಳಿಸಿತು. ಕೆಲಸ ಆಯಿತಲ್ಲ ಎಂಬ ಸಮಾಧಾನಕ್ಕೆ ಅಳುತ್ತಿದ್ದಾಳೆ ಅಂದುಕೊಂಡೆ. ಹಾಗೆ ಅಂದುಕೊಂಡು ಅಧಿಕಾರಿಯ ಜೀಪಿನ ಪಕ್ಕ ನಿಂತು ಟೀ ಕುಡಿದೆ, ಬಿಸ್ಕತ್ತು ಅದ್ದಿಕೊಂಡು.

ಆ ಚಳಿಗಾಲ ಬೇರಿನಮ್ಮ ಬಂದಳು. ಇಳಿದು ಹೋಗಿದ್ದಳು. ಮೂರು ಮಹಡಿ ಹತ್ತುವುದಕ್ಕೆ ಮೂರು ಸಲ ಕೂತಳಂತೆ. ಬೇರು ಮಾತ್ರ ಅಂಥ ಎಳೆಯದನ್ನು ನಾನು ಕಂಡದ್ದೇ ಇಲ್ಲ, ಉಗುರು ತಾಕಿದರೆ ಮುರಿಯುವಂಥದು. ಕಂದಕ ಸುತ್ತು ಬಳಸಿ ಹೋಗಿದೆ, ಇಳಿಜಾರು ಹಾಗೇ ಇದೆ ಎಂದಳು. ನನಗೆ ಎದೆ ಹಗುರಾಯಿತು. ಸುಮ್ಮನೆ ಬೇರು ಆರಿಸುತ್ತ ಕೂತೆವು. ಮಗಳ ಮಾತು ಆ ವರ್ಷ ಬರಲಿಲ್ಲ, ನಾನು ಅದನ್ನು ಗಮನಿಸಲೂ ಇಲ್ಲ. ಬದಲಿಗೆ ನನ್ನ ಮನೆಯನ್ನು ಒಂದು ಸುತ್ತು ನೋಡಿ, ಒಂದೇ ಕುರ್ಚಿ ಇದ್ದ ಊಟದ ಮೇಜನ್ನು ನೋಡಿ, ಕೇಳಿದಳು.

"ಒಬ್ರೇ ಇದ್ರೆ ಅಬ್ಯಾಸ ಆಯ್ತದಾ ಅಕ್ಕಾ?"

ನನ್ನನ್ನು ಅಯ್ಯೋ ಪಾಪ ಅನ್ನುತ್ತಿದ್ದಾಳೆ ಅಂದುಕೊಂಡೆ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ನನಗೆ ಆಗದು. "ಆಗತ್ತೆ, ಆಗ್ದೆ ಏನು? ನಂಗಂತೂ ಹಾಯಾಗಿದೆ" ಎಂದೆ ಬಿರುಸಾಗಿ.

"ಅಂಗಾರೆ ಸರಿ" ಎಂದಳು. ನಿಜಕ್ಕೂ ಸಮಾಧಾನವಾದವಳ ಹಾಗೆ ಅಂದಳು. ಕಾಫಿ ಕುಡಿದು ಹೋದಳು.

ಅದರ ಮುಂದಿನ ವರ್ಷ ಸಂಕ್ರಾಂತಿ ಕಳೆಯಿತು, ಒಂದು ವಾರ, ಎರಡು ವಾರ… ಗೇಟಿನಿಂದ ಇಂಟರ್‌ಕಾಮ್ ಬಂದಾಗ ಚಪ್ಪಲಿ ಕೂಡ ಹಾಕದೆ ಕೆಳಗೆ ಓಡಿದೆ. ನಿಂತಿದ್ದವಳು ಬೇರೆ, ನಲವತ್ತರ ಹೆಂಗಸು, ಬೇರಿನಮ್ಮನ ತಂಗಿಯ ಮಗಳು. ಮಹಜರಿನ ದಿನ ನೆಲಕ್ಕೆ ಕೂತು ಅತ್ತವಳು ಅವಳೇ.

"ದೊಡ್ಡಮ್ಮ ಓದ್ರು ಅಕ್ಕಾ, ಗೌರಿ ಹಬ್ಬದ ಮುಂದೆ. ಬೇರು ನಿಮ್ಗೇ ಮೊದ್ಲು ಕೊಡು ಅಂತ ಏಳಿದ್ರು" ಎಂದಳು.

ಗೇಟಿನ ಬಳಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. "ಮಗಳ ಪಕ್ಕ ಮಲಗಿಸಿದ್ರಾ?" ಎಂದೆ. ಹೌದು ಎನ್ನುತ್ತಾಳೆ, ಆ ಒಂದು ಸಮಾಧಾನವಾದರೂ ನನಗಿರಲಿ ಎಂದುಕೊಂಡಿದ್ದೆ.

"ಇಲ್ಲಕ್ಕಾ. ಕೈ ತೋರ್ಸಿದೋರ್ನ ಅಲ್ಲಿಗ್ ತಗೊಂಡೋಗಂಗಿಲ್ಲ. ರಸ್ತೆ ಪಕ್ಕದ ತುಂಡಲ್ಲಿ ಆಕುದ್ವಿ."

"ಅವರಿಗೆ… ಅವರಿಗೆ ಗೊತ್ತಿತ್ತಾ?"

"ಗೊತ್ತಿರ್ದೆ ಏನಕ್ಕಾ. ಎಲ್ಲರ್ಗೂ ಗೊತ್ತು. ಅದುಕ್ಕೇ ಯಾರೂ ಮುಂದೆ ಬರ್ನಿಲ್ಲ."

ಒಬ್ಬರೇ ಇದ್ದರೆ ಅಭ್ಯಾಸ ಆಗುತ್ತದಾ ಎಂದು ಆಕೆ ಕೇಳಿದ್ದು ನನ್ನ ಬಗ್ಗೆ ಅಲ್ಲವೇ ಅಲ್ಲ. ತಿಳಿದವರನ್ನು ಕೇಳಿ ತಿಳಿದುಕೊಳ್ಳಲು ಬಂದಿದ್ದಳು. ನಾನು ಜಂಭಕ್ಕೆ ಬಿದ್ದು ಸುಳ್ಳು ಹೇಳಿ ಕಳಿಸಿದೆ. ಅಭ್ಯಾಸ ಆಗುವುದಿಲ್ಲ ಬೇರಿನಮ್ಮಾ. ಸಂಜೆ ಹೊತ್ತು ಟಿವಿ ಹಾಕಿ ಬೇರೆ ಕೋಣೆಯಲ್ಲಿ ಕೂರುತ್ತೇನೆ, ಮನೆಯಲ್ಲಿ ಯಾರೋ ಮಾತಾಡುತ್ತಿರಲಿ ಎಂದು. ಇಷ್ಟು ವರ್ಷವಾದರೂ ಆಗಿಲ್ಲ.

ಒಂದು ಸಲ ಆ ರಸ್ತೆ ಪಕ್ಕದ ತುಂಡಿಗೆ ಹೋಗಿದ್ದೆ. ಒಂದು ಕಡೆ ಯಾವುದೋ ಹೊಸ ಲೇಔಟಿನ ಕಾಂಪೌಂಡು ಗೋಡೆ, ಇನ್ನೊಂದು ಕಡೆ ಟಿಪ್ಪರ್ ಲಾರಿಗಳ ಧೂಳು. ಅಲ್ಲಿ ಹಟ್ಟಿಯವರದು ಅಂತ ಇರುವುದು ಆಕೆಯದೊಂದೇ. ಹತ್ತು ನಿಮಿಷ ನಿಂತಿದ್ದೆ. ಕ್ಷಮಿಸು ಎಂದಿದ್ದರೂ ಲಾರಿಗಳ ಸದ್ದಿನಲ್ಲಿ ನನಗೇ ಕೇಳಿಸುತ್ತಿರಲಿಲ್ಲ.

ಒಪ್ಪಂದ ಚೆನ್ನಾಗಿ ನಡೆಯುತ್ತಿದೆ. ಇದನ್ನೂ ಹೇಳಬೇಕು. ಆ ಅಧಿಕಾರಿಗೆ ವರ್ಗವಾಯಿತು, ಬೇರೆಯವರು ಬಂದರು, ಆದರೆ ಕಾಗದ ಕಾಗದವೇ. ಯಜಮಾನರು ತೀರಿಕೊಂಡಾಗ ಗಾರ್ಡು ತಾನೇ ಗೇಟು ತೆಗೆದು ಪಕ್ಕಕ್ಕೆ ನಿಂತನಂತೆ. ಅವರನ್ನು ಹೊತ್ತು ಒಯ್ದು ತಮ್ಮವರ ಜೊತೆ ಇಟ್ಟುಬಂದರು. ಆಮೇಲೆ ಇನ್ನೂ ಇಬ್ಬರನ್ನು ಒಯ್ದಿದ್ದಾರೆ. ಯಾರೂ ತಡೆಯಲಿಲ್ಲ. ಹೋದ ಚಳಿಗಾಲ ತಂಗಿಯ ಮಗಳು ಬೇರು ತಂದಾಗ ಇದನ್ನೆಲ್ಲ ಹೇಳಿ, ಆ ಮಗುವಿನ ಪಕ್ಕದ ಜಾಗದಲ್ಲಿ ಮಾತ್ರ ಯಾರನ್ನೂ ಇಟ್ಟಿಲ್ಲ ಎಂದಳು. ಯಾಕೆ ಎಂದೆ. ಬೇರಿನಮ್ಮ ಇನ್ನು ಅಲ್ಲಿಗೆ ಬರುವಂತಿಲ್ಲವಲ್ಲ.

"ಬರಂಗಿಲ್ಲ ಅಕ್ಕಾ" ಎಂದಳು ಚೀಲ ಎತ್ತಿಕೊಳ್ಳುತ್ತ. "ಆದ್ರೆ ಆ ಮಗೀಗೆ ಅದ್ನ ಯಾರು ಏಳ್ತಾರೆ? ಇನ್ನೂ ಕಾಯ್ತಿರ್ತದೆ."